ಬರತೇನಿ ಅನ್ನಬಾರದ ದೋಣಿ

ಬೈಲಹೊಂಗಲದಲ್ಲಿ ಇಷ್ಟೊಂದು ಜನರಿಗೆ ಅಳಿಯಂದಿರಿದ್ದಾರೆಂದು ದುರ್ಗಪ್ಪನಿಗೆ ಅರವತ್ತೆರಡು ವರ್ಷ ಗೊತ್ತೇ ಇರಲಿಲ್ಲ. ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟಾಗ ನಾಲ್ಕು ತಿಂಗಳ ಮಟ್ಟಿಗೆ ಬಾಡಿಗೆ ಮನೆ ಬೇಕಾಯಿತು. ಹೆಂಡತಿ ಪದ್ಮವ್ವನನ್ನು ಕರೆದುಕೊಂಡು ಮೂರು ಕಡೆ ಹೋಗಿ ನೋಡಿದ. ಮೂರು ಕಡೆಯೂ ಮಾಲಕರು ಬೀಗ ತೆಗೆದು ತೋರಿಸಿದರು, ನಲ್ಲಿ ತಿರುಗಿಸಿ ನೀರು ಬರುವುದನ್ನು ತೋರಿಸಿದರು, ಕಡೆಗೆ "ನೀವು ಯಾವ ಪೈಕಿ ಆದ್ರಿ?" ಅಂದರು. "ಬೌದ್ಧರು" ಅಂದ ಕೂಡಲೇ ಮೂವರಿಗೂ ತಮ್ಮ ಅಳಿಯ ನೆನಪಾದ. ಮನೆ ಅವನಿಗೇ ಕೊಡುತ್ತೇವೆಂದು ಮಾತು ಕೊಟ್ಟುಬಿಟ್ಟಿದ್ದರಂತೆ.

ಮೂರನೆಯ ಮನೆಯಿಂದ ತಿರುಗಿ ಬಂದವನು ಚಪ್ಪಲಿ ಬಿಡುವ ಮೊದಲೇ, "ದೋಣ್ಯಾಗ ಇರೂಣು" ಅಂದ.

ದೋಣಿ ಎಂದರೆ ಮೀನುಗಾರರ ಹರಗೋಲಲ್ಲ. ಇಪ್ಪತ್ತಾರು ಫೂಟಿನ ಹಾಯಿದೋಣಿ. ದುರ್ಗಪ್ಪ ನೌಕಾಪಡೆಯಲ್ಲಿ ಹದಿನೇಳು ವರ್ಷ ಬಡಗಿಯಾಗಿದ್ದು, ಆಮೇಲೆ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತು ನಿವೃತ್ತನಾದವ. ಕಾರವಾರದಲ್ಲಿ ಯಾರೋ ಬಿಟ್ಟುಹೋಗಿದ್ದ ಹಳೆಯ ದೋಣಿಯನ್ನು ಲಾರಿಯಲ್ಲಿ ತಂದು, ಎರಡು ವರ್ಷ ತಿಕ್ಕಿ, ಬಣ್ಣ ಬಳಿದು, ಪರವಾನಿಗೆ ತೆಗೆಸಿ, ಸವದತ್ತಿ ಹತ್ತಿರ ನವಿಲುತೀರ್ಥದ ಹಿನ್ನೀರಿನಲ್ಲಿ ಇಳಿಸಿದ್ದ. ಅದಕ್ಕೆ 'ಪದ್ಮಾ' ಎಂದು ಹೆಸರಿಟ್ಟಿದ್ದ. "ನನ್ನ ಹೆಸರ ಇಟ್ಟು ದಿನಾ ನನ್ನ ಮ್ಯಾಲೇ ತುಳದಾಡ್ತಾರ" ಎಂದು ಪದ್ಮವ್ವ ಊರವರ ಮುಂದೆ ಹೇಳಿಕೊಂಡು ನಗುತ್ತಿದ್ದಳು. ಅದರಲ್ಲೇ ಸಂಸಾರ ಹೂಡೋಣ ಅಂದಾಗ ಮಾತ್ರ ನಗು ಬರಲಿಲ್ಲ.

"ನಾಕ ತಿಂಗಳ ನೀರಾಗ ಇರೂದಾ? ಬಸರ ಸೊಸಿನ್ನ ಕಟಗೊಂಡು?"

"ನಾ ಹದಿನೇಳ ವರ್ಷ ಇದ್ದೇನಿ."

"ನೀವು ಬಸರ ಇದ್ರೇನು?"

ದುರ್ಗಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಆಮೇಲೆ, "ನೀರಾಗ ಯಾವ ಪೈಕಿ ಅಂತ ಯಾರೂ ಕೇಳೂದಿಲ್ಲ" ಅಂದ. ಆ ಮೂರು ಹೊಸ್ತಿಲುಗಳ ಮುಂದೆ ಪದ್ಮವ್ವನೂ ನಿಂತವಳೇ. ಅವಳು ಮತ್ತೆ ಮಾತಾಡದೆ ಪಾತ್ರೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಮಗ ಅಜಿತನಿಗೆ ಬೈಲಹೊಂಗಲದಲ್ಲಿ ನೀರೆತ್ತುವ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯಿತ್ತು. ಅವನದು ಸರಳ ಸ್ವಭಾವ: ಅಪ್ಪ ಹೇಳಿದ್ದಕ್ಕೂ ಹೂಂ, ಅವ್ವ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೆ ಮಾತ್ರ 'ಆಮ್ಯಾಲೆ ನೋಡೂಣು'. ಆ ಹೆಂಡತಿ ಮೀನಾಳಿಗೆ ಆಗ ಐದು ತಿಂಗಳು. ಅವಳನ್ನು ಯಾರೂ ಕೇಳಲಿಲ್ಲ. ದೀಪಾವಳಿ ಮುಗಿದ ಮರುವಾರ ನಾಲ್ಕು ಜನ ನೀರಿಗಿಳಿದರು.

ಸುಳ್ಳು ಯಾಕೆ ಹೇಳಬೇಕು, ಮೊದಲ ಹದಿನೈದು ದಿನ ಚೆನ್ನಾಗಿಯೇ ಇತ್ತು. ಗಾಳಿ ಹಿಡಿದು ಹಾಯಿ ಉಬ್ಬಿದಾಗ ಮೀನಾ ಚಪ್ಪಾಳೆ ತಟ್ಟಿ ನಕ್ಕಳು. ಒಳಗೆ ತಲೆ ಬಗ್ಗಿಸಿ ಓಡಾಡಬೇಕಾದ ಒಂದು ಕೋಣೆ, ನಾಲ್ಕು ಹಲಗೆಯ ಹಾಸಿಗೆ, ಎರಡು ಉರಿಯ ಗ್ಯಾಸ್ ಒಲೆ, ಮೂಲೆಯಲ್ಲಿ ಪರದೆ ಕಟ್ಟಿದ ಒಂದು ಬಕೆಟ್ಟು. ಆ ಬಕೆಟ್ಟಿನ ವಿಷಯ ಆಮೇಲೆ ಹೇಳುತ್ತೇನೆ. ಅಜಿತ ಮುಂಜಾನೆ ಡಬ್ಬಿ ಕಟ್ಟಿಸಿಕೊಂಡು ದಂಡೆಗೆ ಹೋಗಿ ಬೈಕು ಹತ್ತುತ್ತಿದ್ದ. ಹೋಗಿ ಬರಲು ದೊಡ್ಡ ದೋಣಿಯ ಹಿಂದೆ ಹಗ್ಗದಿಂದ ಕಟ್ಟಿದ ಒಂದು ಮರಿದೋಣಿಯಿತ್ತು. ಪದ್ಮವ್ವ ರೊಟ್ಟಿ ಬಡಿಯಲು ಕೂತರೆ ದೋಣಿಯೆಲ್ಲ ಅಲುಗುತ್ತಿತ್ತು.

"ಮೆತ್ತಗ ಬಡಿಯ, ದೋಣಿ ಅಳ್ಳಾಡತೈತಿ" ಎಂದು ದುರ್ಗಪ್ಪ ಮೇಲಿನಿಂದ ಕೂಗುತ್ತಿದ್ದ.

"ಮೆತ್ತಗ ಬಡದ್ರ ಅದಕ್ಕ ಚಪಾತಿ ಅಂತಾರ" ಎಂದು ಅವಳು ಕೆಳಗಿನಿಂದ ಕೂಗುತ್ತಿದ್ದಳು.

ನೀರಿನ ಮೇಲೆ ಇವರೊಬ್ಬರೇ ಇರಲಿಲ್ಲ. ಧಾರವಾಡದ ಕಡೆಯಿಂದ ರಘೋತ್ತಮರಾಯರೆಂಬ ನಿವೃತ್ತ ಎಂಜಿನಿಯರು, ಅವರ ಹೆಂಡತಿ ನರ್ಮದಾಬಾಯಿ, ಇಬ್ಬರೂ ತಮ್ಮ ಬಿಳಿಯ ಹಾಯಿದೋಣಿಯಲ್ಲಿ ಆ ಚಳಿಗಾಲವೆಲ್ಲ ಅಲ್ಲೇ ಇದ್ದರು. ಮೀನು ಹಿಡಿಯುವ ಭರಮಪ್ಪ ಹರಗೋಲಿನಲ್ಲಿ ಸುತ್ತಾಡುತ್ತಿದ್ದ. ರವಿವಾರ ಎರಡೂ ದೋಣಿಗಳನ್ನು ಪಕ್ಕಪಕ್ಕ ಕಟ್ಟಿ ಒಟ್ಟಿಗೆ ಊಟ. ರಾಯರು ಪದ್ಮವ್ವನ ಬದನೆಕಾಯಿ ಎಣಗಾಯಿಗೆ ಎರಡು ರೊಟ್ಟಿ ಜಾಸ್ತಿ ತಿನ್ನುತ್ತಿದ್ದರು. ನರ್ಮದಾಬಾಯಿಗೆ ಮಾತ್ರ ಅವತ್ತು ಸಂಕಷ್ಟಿ. ಮುಂದಿನ ರವಿವಾರವೂ ಸಂಕಷ್ಟಿ.

"ತಿಂಗಳಿಗೊಮ್ಮೆ ಬರೂ ಸಂಕಷ್ಟಿ ನಿಮ್ಮ ದೋಣ್ಯಾಗ ವಾರವಾರ ಬರತೈತೇನ್ರಿ ಬಾಯಾರ?" ಎಂದು ಪದ್ಮವ್ವ ಮೂರನೆಯ ರವಿವಾರ ಕೇಳಿಯೇಬಿಟ್ಟಳು.

ರಾಯರು ಕೆಮ್ಮಿದರು. ನರ್ಮದಾಬಾಯಿ ನೀರಿನ ಕಡೆ ನೋಡಿದರು. ರಾತ್ರಿ ದುರ್ಗಪ್ಪ ಹೆಂಡತಿಯ ಮೇಲೆ ರೇಗಿದ: "ಬಾಜೂಕಿನ ದೋಣಿಯವ್ರ ಕೂಡ ಹಿಂಗ ಮಾತಾಡ್ತಾರೇನು?"

"ನೀರಾಗ ಯಾರೂ ಕೇಳೂದಿಲ್ಲ ಅಂದ್ರಲ್ಲ. ಖರೇನ. ಕೇಳೂದಿಲ್ಲ, ಉಪಾಸ ಮಾಡ್ತಾರ."

ಇನ್ನು ಬಕೆಟ್ಟಿನ ವಿಷಯ. ಬಸುರಿ ಹೆಂಗಸಿಗೆ ದಿನಕ್ಕೆ ಎಷ್ಟು ಸಲ ಹೊರಗೆ ಹೋಗಬೇಕಾಗುತ್ತದೆಂದು ಹೆಣ್ಣುಮಕ್ಕಳಿಗೆ ಗೊತ್ತು. ನೌಕಾಪಡೆಯವರಿಗೆ ಗೊತ್ತಿರುವುದಿಲ್ಲ. ಪರದೆಯಿಂದ ಎರಡು ಮೊಳ ದೂರದಲ್ಲಿ ಮಾವ ಕೂತು ಹಗ್ಗಕ್ಕೆ ಗಂಟು ಹಾಕುತ್ತಿದ್ದರೆ ಮೀನಾಳಿಗೆ ಆ ಬಕೆಟ್ಟು ಇದ್ದೂ ಇಲ್ಲದಂತೆ. ಹೊಟ್ಟೆ ಬಿಗಿಹಿಡಿದು ಮೇಲೆ ಬರುತ್ತಿದ್ದಳು.

"ಮಾವಾರ, ದಂಡಿಗೆ ಹೋಗಬೇಕ್ರಿ."

"ಯಾಕ?"

ಅವಳು ತಲೆ ತಗ್ಗಿಸುತ್ತಿದ್ದಳು. ಪದ್ಮವ್ವ ಕೆಳಗಿನಿಂದ, "ಹೋಗ್ಲಿ ಬಿಡ್ರಿ, ಯಾಕ ಯಾಕ ಅಂತ ಏನ ಹಚ್ಚೀರಿ" ಅಂದಮೇಲೆ ಅವನು ಗೊಣಗುತ್ತ ಮರಿದೋಣಿಯ ಹಗ್ಗ ಎಳೆಯುತ್ತಿದ್ದ. ಪದ್ಮವ್ವ ಹುಟ್ಟು ಹಾಕಲು ಕಲಿತಳು. ದಿನಕ್ಕೆ ಏಳೆಂಟು ಸಲ ಅತ್ತೆ ಸೊಸೆ ದಂಡೆಯ ಜಾಲಿ ಗಿಡಗಳ ಮರೆಗೆ ಹೋಗಿ ಬರುತ್ತಿದ್ದರು. ಏಳೆಂಟು ಸಲವೂ ದುರ್ಗಪ್ಪನದು ಅದೇ "ಯಾಕ?" ಅವನಿಗೆ ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಹಡಗಿನಿಂದ ಇಳಿಯುವವನು ಕಾರಣ ಹೇಳಿಯೇ ಇಳಿಯಬೇಕು.

"ನೀವರ ಹೇಳ್ರಿ ನಿಮ್ಮ ಅಪ್ಪಾಗ" ಎಂದು ಮೀನಾ ಗಂಡನಿಗೆ ಹೇಳಿದಳು.

"ಆಮ್ಯಾಲೆ ಹೇಳ್ತೇನಿ" ಅಂದ ಅಜಿತ.

ಐದನೆಯ ವಾರ, ಬುಧವಾರ ಮುಂಜಾನೆ. ಸವದತ್ತಿಯ ದವಾಖಾನೆಯಲ್ಲಿ ಮೀನಾಳ ತಪಾಸಣೆಯಿತ್ತು. ಅಜಿತ ಆಗಲೇ ಮರಿದೋಣಿಗಿಳಿದು ಹುಟ್ಟು ಹಿಡಿದು ಕುಳಿತಿದ್ದ. ಮೀನಾ ಒಂದು ಕಾಲು ದೊಡ್ಡ ದೋಣಿಯಲ್ಲಿ, ಇನ್ನೊಂದು ಮರಿದೋಣಿಯಲ್ಲಿ ಇಟ್ಟು, ಒಳಗಿದ್ದ ಅತ್ತೆಗೆ ಕೇಳಲೆಂದು ದೊಡ್ಡ ದನಿಯಲ್ಲಿ, "ಬರತೇನ್ರಿ" ಅಂದಳು.

ನಮ್ಮ ಕಡೆ ಮನೆ ಬಿಟ್ಟು ಹೊರಡುವವರು 'ಹೋಗತೇನಿ' ಅನ್ನುವುದಿಲ್ಲ. 'ಬರತೇನಿ' ಅನ್ನುತ್ತಾರೆ, ಮನೆಯವರು 'ಬಾ' ಅನ್ನುತ್ತಾರೆ, ಆಮೇಲೆ ಹೋಗುವವರು ಹೋಗುತ್ತಾರೆ. 'ಹೋಗತೇನಿ' ಅಂದರೆ ತಿರುಗಿ ಬರದ ಹಾಗೆ ಹೋದಂತೆ. ಇದು ದುರ್ಗಪ್ಪನಿಗೆ ಗೊತ್ತಿಲ್ಲದ್ದಲ್ಲ. ಆದರೆ ಅವನು ಅರ್ಧ ಇಳಿಸಿದ ಹಾಯಿಯ ಆಚೆ ಮರಿದೋಣಿಯ ಹಗ್ಗ ಹಿಡಿದು ಕುಳಿತಿದ್ದ. ಏನೂ ಕಾಣುತ್ತಿರಲಿಲ್ಲ. ಸೊಸೆ ಏನನ್ನೋ ಮರೆತು ತಿರುಗಿ ಮೇಲೆ ಬರುತ್ತಿದ್ದಾಳೆ ಎಂದುಕೊಂಡು, ಅವಳಿಗೆ ಅನುಕೂಲವಾಗಲೆಂದು ಹಗ್ಗವನ್ನು ಜೋರಾಗಿ ಎಳೆದ.

ಮರಿದೋಣಿ ಜಗ್ಗಿತು. ಮೀನಾ ಎರಡು ದೋಣಿಗಳ ನಡುವೆ ನೀರಿಗೆ ಬಿದ್ದಳು.

ಅಜಿತ ಅವಳ ರಟ್ಟೆ ಹಿಡಿದ. ಹತ್ತಿರದಲ್ಲೇ ಬಲೆ ತೆಗೆಯುತ್ತಿದ್ದ ಭರಮಪ್ಪ ಹರಗೋಲು ತಿರುಗಿಸಿಕೊಂಡು ಬಂದು ಕೆಳಗಿನಿಂದ ಎತ್ತಿದ. ಎರಡು ನಿಮಿಷದ ಮಾತು. ಆದರೆ ಮೇಲೆ ಬಂದ ಮೀನಾಳ ಹಲ್ಲು ಕಟಕಟ ಎನ್ನುತ್ತಿದ್ದುದು ದಂಡೆ ಮುಟ್ಟುವವರೆಗೆ ನಿಲ್ಲಲಿಲ್ಲ. ದವಾಖಾನೆಯಲ್ಲಿ ಎಲ್ಲ ನೋಡಿ, "ಕೂಸು ಚೊಲೋ ಐತಿ, ಹೆದರಬ್ಯಾಡ್ರಿ" ಅಂದರು. ಪದ್ಮವ್ವ ಫೋನಿನಲ್ಲಿ ಅದನ್ನು ಕೇಳಿ ಅತ್ತಳು. "ಕೂಸು ಹ್ಯಾಂಗೈತಿ?" ಎಂದು ಪಕ್ಕದ ದೋಣಿಯಿಂದ ರಾಯರು ಕೇಳಿದರು, ನರ್ಮದಾಬಾಯಿ ಕೇಳಿದರು, ಭರಮಪ್ಪ ಕೇಳಿದ. ಸಂಜೆಯವರೆಗೆ ಯಾರೂ ಒಂದು ತುತ್ತು ಉಣ್ಣಲಿಲ್ಲ.

ದುರ್ಗಪ್ಪ ಅವತ್ತು ಹೆದರಿದಷ್ಟು ಜೀವಮಾನದಲ್ಲಿ ಹೆದರಿರಲಿಲ್ಲ. ಅಂಗೈಯಲ್ಲಿ ಹಗ್ಗದ ಗುರುತು ಕೆಂಪಗೆ ಮೂಡಿತ್ತು, ಅದನ್ನೇ ನೋಡುತ್ತ ಕುಳಿತಿದ್ದ. 'ನನ್ನಿಂದ ತಪ್ಪಾತು' ಎಂಬ ಎರಡು ಮಾತು ಆಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ತಪ್ಪು ಒಪ್ಪಿಕೊಳ್ಳುವುದಕ್ಕಿಂತ ಕಾನೂನು ಮಾಡುವುದು ಗಂಡಸರಿಗೆ ಸುಲಭ. ಎಲ್ಲರನ್ನೂ ಕೂಡಿಸಿಕೊಂಡು ಹೇಳಿದ:

"ಇವತ್ತಿನಿಂದ ಈ ದೋಣ್ಯಾಗ ಹೋಗಾವ್ರು ಬರತೇನಿ ಅನ್ನಬಾರದು. ಹೋಗಾವ್ರು ಹೋಗತೇನಿ ಅನ್ನಬೇಕು, ಬರಾವ್ರು ಬರತೇನಿ ಅನ್ನಬೇಕು. ಹಗ್ಗ ಹಿಡದಾವ ಅದನ್ನ ತಿರುಗಿ ಹೇಳಬೇಕು. ಹೋಗು ಅಂದ್ರ ಹೋಗು. ಬಾ ಅಂದ್ರ ಬಾ."

"ಥೂ, ಬಿಡ್ತು ಅನ್ರಿ" ಅಂದಳು ಪದ್ಮವ್ವ. "ನಮ್ಮ ಮನ್ಯಾಗ ಸತ್ತಾವ್ರಿಗಷ್ಟ ಹೋದ್ರು ಅಂತಾರ. ಬಸರ ಹುಡುಗಿ ಬಾಯಾಗ ದಿನಾ ಎಂಟ ಸಲ ಹೋಗತೇನಿ ಅನಸ್ತೀರಿ?"

"ನೀರಿನ ಮ್ಯಾಲೆ ಮಾತಂದ್ರ ಮಾತು. ಅದರಾಗ ಎರಡ ಅರ್ಥ ಇರಬಾರದು."

"ಎರಡ ಅರ್ಥ ಇಲ್ರಿ, ಒಂದ ಐತಿ. ನಲವತ್ತ ವರ್ಷದಿಂದ ನಾ ಬರತೇನಿ ಅಂದಾಗ ಒಮ್ಮಿಯರ ತಪ್ಪ ತಿಳಕೊಂಡೀರೇನು?"

"ಇವತ್ತ ತಿಳಕೊಂಡ್ನಿ!" ಎಂದು ದುರ್ಗಪ್ಪ ಚೀರಿದ. ಅದು ಅವನು ತಪ್ಪು ಒಪ್ಪಿಕೊಂಡ ರೀತಿ. ಚೀರಿದ್ದರಿಂದ ಯಾರಿಗೂ ಹಾಗೆ ಕೇಳಿಸಲಿಲ್ಲ.

ಪದ್ಮವ್ವ ಕಾನೂನಿಗೆ ಒಂದು ಒಳದಾರಿ ಹುಡುಕಿಕೊಂಡಳು. "ಬರಾಕ ಹೋಗತೇನಿ" ಅನ್ನತೊಡಗಿದಳು. ಅಜಿತ ಎರಡೂ ಅನ್ನದೆ ಕೆಮ್ಮಿ ಇಳಿಯುತ್ತಿದ್ದ. ಹೇಳಿದ ಹಾಗೆ ನಡೆದವಳು ಮೀನಾ ಒಬ್ಬಳೇ. "ಹೋಗತೇನ್ರಿ ಮಾವಾರ." "ಯಾಕ?" ಅವಳ ಮುಖ ಕೆಳಗೆ. "ಹ್ಞೂಂ, ಹೋಗು." ಅವಳು ನಗುವುದನ್ನು ಬಿಟ್ಟಿದ್ದಳು. ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದಳು. ಕುಡಿದರೆ ಕೇಳಬೇಕಾಗುತ್ತದಲ್ಲ.

ಏಳನೆಯ ತಿಂಗಳು ಬಿತ್ತು. ರಾಮದುರ್ಗದಿಂದ ಮೀನಾಳ ತಾಯಿ ಮಾಯವ್ವ ಫೋನು ಮಾಡಿದಳು. ಇವರಲ್ಲಿ ಬಸುರಿಗೆ ಏಳರಲ್ಲಿ ಗಂಡನ ಮನೆಯವರು ಕುಬಸ ಮಾಡಬೇಕು, ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ, ಐದು ಥರದ ಅಡುಗೆ ಮಾಡಿ ಬಡಿಸಬೇಕು. ಒಂಬತ್ತರಲ್ಲಿ ತವರಿನದು.

"ಕುಬಸ ಎಲ್ಲಿ ಇಟಗೊಂಡೀರಿ ಬೀಗ್ರ?"

"ಎಲ್ಲಿ ಅಂದ್ರ? ದೋಣ್ಯಾಗ" ಅಂದ ದುರ್ಗಪ್ಪ. ಮನಸ್ಸಿನಲ್ಲಿ ಆಗಲೇ ಚಿತ್ರ ಬರೆದುಕೊಂಡಿದ್ದ. "ಎರಡೂ ದೋಣಿ ಕೂಡಿಸಿ ಕಟ್ಟೂಣು. ಹಾಯಿಗೆ ಹೂವಿನ ಮಾಲಿ. ಇಂಥಾ ಕುಬಸ ಬೆಳಗಾವಿ ಜಿಲ್ಲಾದಾಗ ಯಾರಿಗೂ ಆಗಿರಬಾರದು."

ಆ ಕಡೆ ಮಾಯವ್ವ ಸುಮ್ಮನಾದಳು. ಈ ಕಡೆ ಪದ್ಮವ್ವ ಸುಮ್ಮನಾಗಲಿಲ್ಲ.

"ಹತ್ತ ಮಂದಿ ಹೆಣಮಕ್ಕಳು ಒಂದ ಕಡೆ ಆರತಿಗೆ ನಿಂತ್ರ ದೋಣಿ ಎಲ್ಲಿ ಇರತೈತಿ? ಕುಬಸದ ದಿನ ಮತ್ತ ಬೀಳಸ್ತೀರೇನು ಅಕಿನ್ನ?"

"ನಾ ಬೀಳಸಿದ್ನ್ಯಾ?"

"ಹಗ್ಗ ಎಳದಾವ್ರು ಯಾರು? ನಾನ?"

"ಅಕಿ ಬರತೇನಿ ಅಂದ್ಲು!"

"ಅಪ್ಪಾ, ಅವ್ವಾ" ಅಂದ ಅಜಿತ.

"ನೀ ಸುಮ್ಮನಿರು" ಎಂದು ಇಬ್ಬರೂ ಒಟ್ಟಿಗೆ ಅಂದರು. ಆ ಒಂದು ವಿಷಯದಲ್ಲಿ ಗಂಡ ಹೆಂಡತಿಗೆ ಒಮ್ಮತವಿತ್ತು. ಮೀನಾ ಒಲೆಯ ಮುಂದೆ ಹೆಸರುಬೇಳೆ ಬೇಯಿಸುತ್ತಿದ್ದಳು. ಬೇಳೆ ತಳ ಹಿಡಿಯಿತು. ಅವಳು ತಟ್ಟೆಗಳಿಗೆ ಸುಟ್ಟ ಬೇಳೆಯನ್ನೇ ಬಡಿಸಿದಳು, ನಾಲ್ವರೂ ಅದನ್ನೇ ಉಂಡರು. ಊಟ ಮುಗಿದ ಮೇಲೆ, "ನಾಕ ದಿನ ರಾಮದುರ್ಗಕ್ಕ ಹೋಗಿ ಇರತೇನಿ" ಅಂದಳು. ಬೇಡ ಅನ್ನಲು ಯಾರಿಗೂ ಕಾರಣ ಸಿಗಲಿಲ್ಲ.

ಮರುದಿನ ಮುಂಜಾನೆ ಅವಳು ಮೇಲೆ ಬಂದಾಗ ದುರ್ಗಪ್ಪ ಹಾಯಿಯ ಹರಿದ ಅಂಚಿಗೆ ಹೊಲಿಗೆ ಹಾಕುತ್ತಿದ್ದ. ಅಜಿತ ಚೀಲ ಹೊತ್ತು ಮುಂದೆ ಇಳಿದ. ನಾಲ್ಕು ದಿನದ ಚೀಲ ಅಷ್ಟು ದಪ್ಪ ಇರುವುದಿಲ್ಲ. ಪದ್ಮವ್ವ ಅದನ್ನು ನೋಡಿದಳು.

"ಹೋಗತೇನ್ರಿ ಮಾವಾರ" ಅಂದಳು ಮೀನಾ.

ದುರ್ಗಪ್ಪ ಸೂಜಿಯಿಂದ ಕಣ್ಣೆತ್ತಲಿಲ್ಲ. "ಹ್ಞೂಂ. ಹೋಗು" ಅಂದ.

ಅವಳು ಅಲ್ಲೇ ಸ್ವಲ್ಪ ಹೊತ್ತು ನಿಂತಳು. ಅವನು ಹಲ್ಲಿನಿಂದ ದಾರ ಕಡಿದ. ಅವಳು ಇಳಿದು ಹೋದಳು.

ನಾಲ್ಕು ದಿನವಾಯಿತು, ಎಂಟಾಯಿತು. ಅಜಿತ ಫೋನು ಮಾಡಿದರೆ ಮಾಯವ್ವ ಎತ್ತಿ, "ಮಲಗ್ಯಾಳ" ಅನ್ನುತ್ತಿದ್ದಳು. ದಿನಕ್ಕೆ ಮೂರು ಹೊತ್ತೂ ಮಲಗಿರುತ್ತಿದ್ದಳಂತೆ. ರವಿವಾರ ಅಂಗಡಿ ಮುಚ್ಚಿ ಅವನೇ ರಾಮದುರ್ಗಕ್ಕೆ ಹೋದ. ಸಂಜೆ ತಿರುಗಿ ಬಂದಾಗ ಕೈಯಲ್ಲಿ ಒಂದು ಡಬ್ಬಿ ಶೇಂಗಾ ಹೋಳಿಗೆಯಿತ್ತು, ಹೆಂಡತಿ ಇರಲಿಲ್ಲ.

"ಏನಂದ್ಲು?" ಅಂದಳು ಪದ್ಮವ್ವ.

"ಏನೂ ಅನ್ನಲಿಲ್ಲ. ಉಂಡ್ರೇನು ಅಂತ ಕೇಳಿದ್ಲು."

"ನೀ ಏನ ಕೇಳಿದಿ?"

"ಕೂಸು ಒದಿಯಾಕ ಹತ್ತೈತೇನು ಅಂತ ಕೇಳಿದ್ನಿ."

ಪದ್ಮವ್ವ ಹಣೆ ಬಡಿದುಕೊಂಡಳು. "ಬರತೀಯೇನು ಅಂತ ಕೇಳಾಕ ಬಾಯಾಗ ಏನ ತುಂಬಕೊಂಡಿದ್ದಿ?"

"ಅತ್ತಿ ಅಂದ್ರು, ಕುಬಸ ನಾವ ಮಾಡ್ತೇವಿ, ನಿಮಗ ತ್ರಾಸ ಬ್ಯಾಡ ಅಂತ."

ಇದ್ದೂ ಇದ್ದೂ ಗಂಡನ ಮನೆಯವರು ಕುಬಸ ಮಾಡಲಿಲ್ಲ ಅನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಅಪಮಾನ ಇನ್ನೊಂದಿಲ್ಲ. ಹಡೆದ ಮೇಲೆ ಕೂಸಿನೊಂದಿಗೆ ಅವಳು ತಿರುಗಿ ಬರುವಳೆಂಬ ಭರವಸೆಯೂ ಈಗ ಯಾರಿಗೂ ಇರಲಿಲ್ಲ. ಆ ವಾರವೆಲ್ಲ ಜಗಳ ಒಂದೇ ಮಾತಿನ ಸುತ್ತ ತಿರುಗಿತು. ಅವಳು 'ಹೋಗತೇನಿ' ಅಂದದ್ದು ದೋಣಿಯ ಕಾನೂನಿಗಾಗಿಯೋ, ಖರೇ ಹೋಗುವ ಸಲುವಾಗಿಯೋ?

"ನೀವ ಕಲಿಸಿದ ಮಾತದು. ಈಗ ನೀವ ಅರ್ಥಾ ಹೇಳ್ರಿ."

"ಅಕಿ ಹೇಳಿದಂಗ ಕೇಳಾಕಿ. ಕಾನೂನ ಪ್ರಕಾರ ಅಂದಾಳ."

"ಹಂಗಾರ ಇಷ್ಟ ದಿನ ಯಾಕ ಆದುವು?"

"ಹಂಗಾರ ಸಿಟ್ಟಿಲೆ ಅಂದಾಳ ಅಂತ ಹೇಳು!"

"ನಾ ಏನ ಹೇಳ್ಲಿ, ನಿಮ್ಮ ದೋಣ್ಯಾಗ ಮಾತಿಗೆ ಒಂದ ಅರ್ಥ ಅಲ್ಲ?"

ಪಕ್ಕದಲ್ಲಿ ಕಟ್ಟಿದ್ದ ಬಿಳಿಯ ದೋಣಿಗೆ ಇದೆಲ್ಲ ಕೇಳಿಸುತ್ತಲೇ ಇತ್ತು. ನೀರಿನ ಮೇಲೆ ಗೋಡೆಗಳಿರುವುದಿಲ್ಲ. ನರ್ಮದಾಬಾಯಿ ಪಲ್ಯಕ್ಕೆ ಸೊಪ್ಪು ಬಿಡಿಸುತ್ತ ಕೂತಿದ್ದವರು ತಟ್ಟೆ ಕೆಳಗಿಟ್ಟು ಅಂದರು:

"ದುರ್ಗಪ್ಪನವರ, ಅಕಿ ಏನಂದ್ಲು ಅಂತ ಒಂದು ವಾರದಿಂದ ಕೇಳ್ಲಿಕ್ಕೆ ಹತ್ತೀನಿ. ನೀವೇನಂದ್ರಿ ಅಂತ ಯಾರೂ ಅನ್ನವಲ್ರಿ."

"ನಾ ಏನಂದ್ನಿ? ಹೋಗು ಅಂದ್ನಿ."

"ಅದ ಮತ್ತ."

ರಾಯರು ಪತ್ರಿಕೆ ಕೆಳಗಿಳಿಸಿ ಹೆಂಡತಿಯ ಕಡೆ ನೋಡಿದರು. ನರ್ಮದಾಬಾಯಿ ನಿಲ್ಲಿಸಲಿಲ್ಲ. "ನಮ್ಮ ಸೊಸಿ ಭಾವನಾನೂ ಒಂದಿನ ಹಿಂಗ ಕೈಯಾಗ ಬ್ಯಾಗ್ ಹಿಡಕೊಂಡು ಬಂದು, ಬರ್ತೀನಿ ಅಂತ ನಿಂತಿದ್ಲು. ನಾನು ಪೂಜಿಗೆ ಕೂತಿದ್ದೆ. ಕೈಲೆ ಹೋಗು ಅಂತ ತೋರ್ಸಿದೆ. ಆರು ವರ್ಷ ಆತು. ಮಗ, ಸೊಸಿ ಇಬ್ಬರೂ ತಿರುಗಿ ಬರಲಿಲ್ಲ. ಇಲ್ಲೆ ಯಾಕ ದೋಣಿ ಕಟಗೊಂಡು ಕೂತೀವಿ ಅಂದುಕೊಂಡೀರಿ? ಮನ್ಯಾಗ ಕೂಡ್ಲಿಕ್ಕೆ ಆಗಂಗಿಲ್ಲ."

ಪದ್ಮವ್ವ ಕೆಳಗಿಳಿದು ಒಲೆ ಹೊತ್ತಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಬಿಸಿ ರೊಟ್ಟಿಯ ತಟ್ಟೆಯನ್ನು ಎರಡು ದೋಣಿಗಳ ನಡುವಿನ ಹಲಗೆಯ ಮೇಲೆ ಇಟ್ಟಳು. ನರ್ಮದಾಬಾಯಿ ಒಂದು ರೊಟ್ಟಿ ಮುರಿದು ಶೇಂಗಾ ಚಟ್ನಿಪುಡಿಯ ಜೊತೆ ತಿಂದರು. ಅವತ್ತು ಸಂಕಷ್ಟಿ ಅಲ್ಲವೇ ಎಂದು ಪದ್ಮವ್ವ ಕೇಳಲಿಲ್ಲ.

ಮರುದಿನ ದುರ್ಗಪ್ಪ ಸವದತ್ತಿಯಿಂದ ರಾಮದುರ್ಗದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಹಗ್ಗ ಹೇಗಿತ್ತು, ಹಾಯಿ ಹೇಗೆ ಅಡ್ಡ ಬಂತು, ಹಡಗಿನಲ್ಲಿ ಒಂದು ಮಾತು ತಪ್ಪಿ ಕೇಳಿದರೆ ಏನೇನಾಗುತ್ತದೆ, ಎಲ್ಲವನ್ನೂ ಒಂದರ ಹಿಂದೊಂದು ಜೋಡಿಸಿದ. ಮಾಯವ್ವನ ಮನೆಯ ಮುಂದೆ ನಿಂತಾಗ ಪಕ್ಕದ ಮನೆಯಲ್ಲಿ ಮಗ್ಗದ ಸದ್ದು ಜೋರಾಗಿತ್ತು. ಬೀಗರನ್ನು ಕೂಗಿ ಕರೆಯಬೇಕಾಯಿತು.

"ಬರ್ರಿ, ಕುಂದರ್ರಿ" ಎಂದು ಮಾಯವ್ವ ನೀರು ತಂದಿಟ್ಟಳು. ಬಂದದ್ದೇಕೆ ಎಂದು ಕೇಳಲಿಲ್ಲ. ಮೀನಾ ಒಳಗೆ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. ಹೊಟ್ಟೆ ಈಗ ಎದ್ದು ಕಾಣುತ್ತಿತ್ತು. ಏಳಲು ಹೋದಳು.

"ಏಳಬ್ಯಾಡ, ಏಳಬ್ಯಾಡ" ಅಂದ ದುರ್ಗಪ್ಪ. ಜೋಡಿಸಿಕೊಂಡ ಮಾತನ್ನು ಶುರು ಮಾಡಿದ. ಹಗ್ಗದವರೆಗೆ ಬಂದ, ಹಾಯಿಯವರೆಗೆ ಬಂದ. ಮೀನಾ ಮೊರದಿಂದ ಕಲ್ಲು ಆರಿಸಿ ಹೊರಗೆ ಹಾಕುತ್ತಿದ್ದಳು.

"ಹೋಗತೇನಿ ಅಂತ ನಾನ ಅನಸಿದ್ನಿ ತಂಗಿ. ಅದು ಕಾನೂನಿನ ಮಾತು. ಅದನ್ನ ಮನಸಿಗೆ ಹಚಗೋಬಾರದು."

"ನಾ ಅಂದದ್ದಕ್ಕ ನನಗ ಬ್ಯಾಸರ ಇಲ್ರಿ ಮಾವಾರ."

"ಮತ್ತ?"

ಅವಳು ಮೊರ ಬದಿಗಿಟ್ಟಳು. "ದಿನಕ್ಕ ಎಂಟ ಸಲ ನೀವು ಯಾಕ ಅಂತಿದ್ರಿ. ದಂಡಿಗೆ ಯಾಕ ಹೋಗ್ತಾರ ಅಂತ ಬಸರ ಹೆಂಗಸನ್ನ ನಿಲ್ಲಿಸಿ ಕೇಳತಿದ್ರಿ. ನಾನೂ ಮಾರಿ ಕೆಳಗ ಮಾಡಿ ನಿಂದರತಿದ್ದೆ. ಅವತ್ತ ನನ್ನ ಸೀರಿ, ದವಾಖಾನಿ ಕಾಗದ, ಮದವಿ ಫೋಟೋ ಎಲ್ಲಾ ಚೀಲಕ್ಕ ತುಂಬಕೊಂಡು ನಿಮ್ಮ ಮುಂದ ಬಂದ ನಿಂತ್ನಿ. ಈಗರ ಯಾಕ ಅಂತಾರ, ಅಂದ್ರ ಹೇಳೂಣು ಅಂತ ನಿಂತ್ನಿ. ಅವತ್ತೊಂದಿನ ನೀವು ಯಾಕ ಅನ್ನಲಿಲ್ಲ."

ದುರ್ಗಪ್ಪ ನೀರಿನ ತಂಬಿಗೆ ಎತ್ತಿಕೊಂಡ, ಕುಡಿಯದೆ ಕೆಳಗಿಟ್ಟ. ಮಗ್ಗದ ಸದ್ದು ಒಂದೆರಡು ಸಲ ನಿಂತು ಮತ್ತೆ ಶುರುವಾಯಿತು.

"ಈಗ ಕೇಳ್ತೇನಿ" ಅಂದ. ದನಿ ಸಣ್ಣದಾಗಿತ್ತು. "ಯಾಕ ಹೋದಿ ತಂಗಿ?"

ಅವಳು ಹೇಳಿದಳು. ನೀರು ಕುಡಿಯುವುದನ್ನು ಬಿಟ್ಟದ್ದು, ಅದರಿಂದ ಉರಿಮೂತ್ರ ಹತ್ತಿ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕುಳಿತದ್ದು, ಬಾಗಿಲೇ ಇಲ್ಲದ ಕಡೆ ಸೀರೆ ಬದಲಿಸಿದ್ದು. ಬಿದ್ದ ದಿನ ಎಲ್ಲರೂ ಕೂಸು ಹೇಗಿದೆ ಎಂದು ಕೇಳಿದ್ದು, ಅವಳು ಹೇಗಿದ್ದಾಳೆಂದು ಯಾರೂ ಕೇಳದಿದ್ದುದು. "ನೀರಿಗೆ ಬಿದ್ದಾಕಿ ನಾನಲ್ಲೇನ್ರಿ?" ಅಂದಾಗ ಅಲ್ಲಿಯವರೆಗೆ ಗಟ್ಟಿಯಿದ್ದ ದನಿ ಒಡೆಯಿತು. ಮಾಯವ್ವ ಬಾಗಿಲಿಗೆ ಒರಗಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೌದು. ಬಿದ್ದಾಕಿ ನೀ. ಎಳದಾಂವ ನಾ" ಅಂದ ದುರ್ಗಪ್ಪ. "ತಪ್ಪಾತು ನನ್ನಿಂದ. ಅವತ್ತ ಹೇಳಬೇಕಿತ್ತು."

ಅವನೇ ಮತ್ತೆ ಕೇಳಿದ: "ಬರತೀಯೇನು?"

"ಎಲ್ಲಿಗೆ?"

ಅದು ಸಿಟ್ಟಿನ ಪ್ರಶ್ನೆಯಲ್ಲ. ಬೈಲಹೊಂಗಲದ ಮನೆಗೆ ಇನ್ನೂ ಮೇಲ್ಛಾವಣಿಯಿರಲಿಲ್ಲ. ದೋಣಿಗೆ ಬಾ ಅನ್ನುವ ಹಾಗಿರಲಿಲ್ಲ. ಉಳಿದ ದಾರಿ ಯಾವುದೆಂದು ಆ ಮೂವರಿಗೂ ಗೊತ್ತಿತ್ತು. ಆ ದಾರಿಯನ್ನು ತಪ್ಪಿಸಿಕೊಳ್ಳಲೆಂದೇ ಅವನು ಮನೆಮಂದಿಯನ್ನೆಲ್ಲ ನೀರಿನ ಮೇಲೆ ಕೂಡಿಸಿದ್ದ.

"ಸವದತ್ತ್ಯಾಗ ಬಾಡಗಿ ಮನಿ ನೋಡ್ತೇನಿ" ಅಂದ. "ಕುಬಸ ಅಲ್ಲೇ ಆಗ್ಲಿ."

"ಅಲ್ಲೂ ಕೇಳ್ತಾರ ಬೀಗ್ರ" ಅಂದಳು ಮಾಯವ್ವ ಮೆಲ್ಲಗೆ.

"ಕೇಳಲಿ. ಹೇಳ್ತೇನಿ. ಇಲ್ಲ ಅಂದ್ರ ಮತ್ತೊಂದ ಮನಿಗೆ ಹೋಗಿ ಹೇಳ್ತೇನಿ."

ಮೀನಾ ಮಾವನ ಮುಖವನ್ನೇ ನೋಡಿದಳು. ಅಷ್ಟು ದಿನಗಳಲ್ಲಿ ಅವನೆದುರು ತಲೆ ಎತ್ತಿ ಮಾತಾಡಿದ್ದು ಅವತ್ತೇ ಮೊದಲು.

"ಸಂಡಾಸ ಒಳಗ ಇರೂ ಮನಿ ನೋಡ್ರಿ" ಅಂದಳು. "ಬಾಗಲಕ್ಕ ಒಳಗಿಂದ ಚಿಲಕ ಇರಬೇಕು."

"ಹ್ಞೂಂ ತಂಗಿ" ಅಂದ ದುರ್ಗಪ್ಪ. "ಒಳಗಿಂದ ಚಿಲಕ."